ಹಾಲಿನ ಕಾರಿಗೆ ಹೊಸ ಬಲ್ಬು

ಮನೆಯಲ್ಲಿ ಟೂತ್‌ಪೇಸ್ಟ್ ಮುಗಿದಿರುವುದು ಸೋಮವಾರ ಬೆಳಿಗ್ಗೆ ಗೊತ್ತಾಯಿತು. ಶನಿವಾರವಷ್ಟೇ ತಂದಿದ್ದ ದೊಡ್ಡ ಟ್ಯೂಬು ಹಿಂಡಿ ಹಿಪ್ಪೆಯಾಗಿ ಬಚ್ಚಲಿನ ಕಿಟಕಿಯ ಮೇಲೆ ಬಿದ್ದಿತ್ತು. ಏಳು ವರ್ಷದ ಗುಬ್ಬಿ ಬ್ರಷ್ ಹಿಡಿದುಕೊಂಡು ಅಡುಗೆಮನೆಗೆ ಬಂದಳು.

“ಅಮ್ಮಾ, ಅಜ್ಜಿ ಕಾರಿಗೆ ಹಲ್ಲುಜ್ಜಿದಾಳೆ.”

“ಏನು?”

“ನಿನ್ನೆ ನಾನೇ ನೋಡಿದೆ. ಕಾರಿನ ಎರಡೂ ದೀಪಕ್ಕೆ ಪೇಸ್ಟ್ ಹಚ್ಚಿ ಗಸಗಸ ತಿಕ್ಕಿದಳು.”

ಗುಬ್ಬಿಯ ಅಮ್ಮ, ಆ ಮನೆಯ ಸೊಸೆ, ರಾತ್ರಿಪಾಳಿ ಮುಗಿಸಿ ಬಂದು ಇನ್ನೂ ಮಲಗಿರಲಿಲ್ಲ. ಬಿಸ್ಕತ್ತು ಕಾರ್ಖಾನೆಯ ಪ್ಯಾಕಿಂಗ್ ವಿಭಾಗದಲ್ಲಿ ಅವಳ ಕೆಲಸ. ಬಟ್ಟೆಯಲ್ಲಿ ಸಕ್ಕರೆ, ವೆನಿಲಾ ವಾಸನೆ ಹಾಗೇ ಇತ್ತು. ಮಗಳ ಬ್ರಷ್ಷಿಗೆ ಉಪ್ಪು ಉದುರಿಸಿ ಕೊಟ್ಟು, ಹೊರಗೆ ಇಣುಕಿದಳು. ಅತ್ತೆ ಆಗಲೇ ಹಾಲು ಹಾಕಿ ಬಂದು, ಕಾರಿನಿಂದ ಖಾಲಿ ಕ್ರೇಟುಗಳನ್ನು ಇಳಿಸುತ್ತಿದ್ದಳು. ಕಾರಿನ ದೀಪದ ಗಾಜು ನಿಜಕ್ಕೂ ಹೊಳೆಯುತ್ತಿತ್ತು.

“ಅತ್ತೆ, ಪೇಸ್ಟ್ ಎಲ್ಲಾ ಕಾರಿಗಾಯ್ತಾ?”

“ಅದಕ್ಕೆ ಹಾಕಿದ್ದಾದ್ರೂ ಸಾರ್ಥಕ ಆಯ್ತಾ ಕೇಳು. ಅಷ್ಟು ತಿಕ್ಕಿದ್ರೂ ರಸ್ತೆ ಕಾಣಲ್ಲ. ಈ ದೀಪಕ್ಕಿಂತ ಬೀಡಿ ಬೆಳಕು ಮೇಲು.”

ಅತ್ತೆ ಹೀಗೆ ಕಾರಿನ ದೀಪಕ್ಕೆ ಬೈಯತೊಡಗಿ ತಿಂಗಳಾಗಿತ್ತು.

ಅವಳಿಗೆ ಐವತ್ತೇಳು. ಹನ್ನೊಂದು ವರ್ಷದಿಂದ ಡೈರಿಯ ಡಿಪೋದಿಂದ ಹಾಲಿನ ಕ್ರೇಟು ತುಂಬಿಕೊಂಡು ಊರಿನ ಆ ತುದಿಯ ಮೂವತ್ತೆರಡು ಅಂಗಡಿಗಳಿಗೆ ಹಾಕುತ್ತಿದ್ದಳು. ಕಾರಿನ ಹಿಂದಿನ ಸೀಟು ಕಿತ್ತು ಹಾಕಿಸಿದ್ದಳು. ಗಂಡ ಟೈಲರ್. ರೆಡಿಮೇಡ್ ಅಂಗಡಿಗಳು ಬಂದ ಮೇಲೆ ಅವನ ಪಾಲಿಗೆ ಉಳಿದದ್ದು ಪ್ಯಾಂಟಿನ ಅಂಚು, ಹರಿದ ಜಿಪ್ಪು, ದಪ್ಪಗಾದವರ ಬ್ಲೌಸು. ಮಗ ಕಾರಿನ ಬಿಡಿಭಾಗ ಮಾರುವ ಅಂಗಡಿಯಲ್ಲಿ ಕೌಂಟರಿನ ಹಿಂದೆ ನಿಲ್ಲುತ್ತಿದ್ದ. ಯಾವ ಕಾರಿನ ಯಾವ ಬೋಲ್ಟು ಎಂದು ಕಣ್ಣು ಮುಚ್ಚಿ ಹೇಳುತ್ತಿದ್ದ. ಆದರೆ ಕಾರು ಓಡಿಸುವಂತಿರಲಿಲ್ಲ. ಹನ್ನೆರಡನೇ ವಯಸ್ಸಿನಿಂದ ಅವನಿಗೆ ಫಿಟ್ಸ್ ಬರುತ್ತಿತ್ತು. ವರ್ಷಕ್ಕೆ ಎರಡೋ ಮೂರೋ ಸಲ ಅಷ್ಟೇ. ಲೈಸೆನ್ಸ್ ಕೊಡದಿರಲು ಅಷ್ಟು ಸಾಕಾಗಿತ್ತು.

ಹಾಗಾಗಿ ಮನೆಯಲ್ಲಿ ಸ್ಟೇರಿಂಗ್ ಹಿಡಿಯುವವಳು ಅತ್ತೆ ಒಬ್ಬಳೇ. ಆ ಕಾರು ನಿಂತರೆ ಮನೆ ನಿಂತಂತೆ ಎಂದು ಯಾರೂ ಹೇಳುತ್ತಿರಲಿಲ್ಲ. ಹೇಳಬೇಕಾದ ಅಗತ್ಯವೂ ಇರಲಿಲ್ಲ.

ಆ ರಾತ್ರಿ ಊಟಕ್ಕೆ ಅನ್ನ, ಬೇಳೆ, ಹುರಿದ ಆಲೂಗಡ್ಡೆ. ಅತ್ತೆ ಮಗನ ತಟ್ಟೆಗೆ ಇನ್ನೊಂದು ಸೌಟು ಬೇಳೆ ಸುರಿದಳು.

“ಸಾಕಮ್ಮ.”

“ತಿನ್ನು. ನಿಮ್ಮಂಗಡೀಲಿ ಬಿಳಿ ಬೆಳಕಿನ ಬಲ್ಬ್ ಬರುತ್ತಂತಲ್ಲ, ಹಗಲಿನ ಥರ?”

“ಎಲ್‌ಇಡಿ. ಬರುತ್ತೆ.”

“ತಂದು ಹಾಕು.”

ಮಗ ಅನ್ನ ಕಲಸುತ್ತಾ, “ನಮ್ಮ ಕಾರಿಗೆ ಅದು ಸರಿ ಹೋಗಲ್ಲ. ನಮ್ಮ ದೀಪದ ಗೂಡು ಹಳೇ ಬಲ್ಬಿಗಂತ ಮಾಡಿದ್ದು. ಇದನ್ನ ಅದರೊಳಗೆ ತುರುಕಿದ್ರೆ ಬೆಳಕು ಚೆಲ್ಲಾಪಿಲ್ಲಿ ಆಗುತ್ತೆ. ರಸ್ತೆಗೆ ಕಾಲುಭಾಗ, ಎದುರಿಗೆ ಬರೋರ ಕಣ್ಣಿಗೆ ಮುಕ್ಕಾಲು ಭಾಗ,” ಎಂದ.

“ಹಂಗಾದ್ರೆ ನೀವು ಮಾರೋದು ಯಾಕೆ?”

“ಕೇಳ್ತಾರೆ, ಮಾರ್ತೀವಿ.”

“ನಾನೂ ಕೇಳ್ತಿದೀನಿ.”

ಟೈಲರ್ ತಲೆ ಎತ್ತದೆ ಉಣ್ಣುತ್ತಿದ್ದ. ಸಾಮಾನ್ಯವಾಗಿ ಊಟದ ಹೊತ್ತಿಗೆ ಅವನದೇ ಮಾತು ಹೆಚ್ಚು. ಸೊಸೆ ಅದನ್ನು ಗಮನಿಸಿದಳು, ಬೇಳೆಗೆ ಉಪ್ಪು ಜಾಸ್ತಿಯಾಯಿತೇನೋ ಎಂದುಕೊಂಡಳು.

ಎರಡು ದಿನದಲ್ಲಿ ಬಲ್ಬು ಬಂತು. ಮಗ ಬಾನೆಟ್ ಎತ್ತಿ ತಾನೇ ಜೋಡಿಸಿದ. ಅಂಗಡಿಯ ಹಳೆಯ ಮೇಸ್ತ್ರಿ, “ಹಾಕೋದು ಹಾಕ್ತೀಯ, ಗೋಡೆ ಎದುರು ನಿಲ್ಲಿಸಿ ದೀಪ ತಗ್ಗಿಸು, ಇಲ್ಲಾಂದ್ರೆ ಊರೋರ ಶಾಪ ನಿಮ್ಮಮ್ಮನಿಗೆ,” ಎಂದು ಕ್ರಮ ಹೇಳಿಕೊಟ್ಟಿದ್ದ. ಮನೆಯ ಎದುರಿಗೇ ಗೋದಾಮಿನ ಉದ್ದನೆಯ ಗೋಡೆ. ಸಂಜೆ ಕತ್ತಲಾಗುವ ಹೊತ್ತಿಗೆ ಕಾರನ್ನು ಗೋಡೆಯಿಂದ ಇಪ್ಪತ್ತೈದು ಅಡಿ ದೂರದಲ್ಲಿ ನಿಲ್ಲಿಸಿದರು.

ಅಳತೆ ಎಂದ ಕೂಡಲೇ ಟೈಲರಿಗೆ ಹುರುಪು ಬಂತು. ಕೊರಳಲ್ಲಿ ಇಂಚು ಟೇಪು, ಕಿವಿಯ ಸಂದಿಯಲ್ಲಿ ಪೆನ್ಸಿಲು, ಕೈಯಲ್ಲಿ ಬಟ್ಟೆಗೆ ಗುರುತು ಹಾಕುವ ಚಪ್ಪಟೆ ನೀಲಿ ಸೀಮೆಸುಣ್ಣ. ನೆಲದಿಂದ ದೀಪದ ನಡುವಿನವರೆಗೆ ಅಳೆದ.

“ಇಪ್ಪತ್ತಾರು. ಎರಡು ಇಂಚು ಕೆಳಗೆ ಅಂದ್ರೆ ಇಪ್ಪತ್ನಾಲ್ಕು.”

“ಸೊಂಟದ ಅಳತೆ ಹೇಳ್ದಂಗೆ ಹೇಳ್ತಾರೆ,” ಎಂದಳು ಅತ್ತೆ.

“ಇಪ್ಪತ್ನಾಲ್ಕು ಸೊಂಟ ನೋಡಿ ನಲವತ್ತು ವರ್ಷ ಆಯ್ತು ಕಣೇ.”

ಗುಬ್ಬಿ ನಕ್ಕಳು; ಅರ್ಥವಾಗಿ ಅಲ್ಲ. ಟೈಲರ್ ಗೋಡೆಯ ಮೇಲೆ ಅಡ್ಡಕ್ಕೆ ಉದ್ದವಾಗಿ ಗೆರೆ ಎಳೆದ. ಮಗ ದೀಪದ ಹಿಂದಿನ ಸ್ಕ್ರೂ ತಿರುಗಿಸಿ ತಿರುಗಿಸಿ ಬೆಳಕಿನ ಮೇಲಂಚನ್ನು ಗೆರೆಗೆ ತಂದು ಕೂರಿಸಿದ. ಗೋಡೆಯ ಒಂದೊಂದು ಇಟ್ಟಿಗೆಯೂ ಕಾಣುತ್ತಿತ್ತು. ಅತ್ತೆ ಸ್ಟೇರಿಂಗಿನ ಹಿಂದೆ ಕೂತು ನೋಡಿದಳು. ಬಹಳ ಹೊತ್ತು ನೋಡಿದಳು.

“ಈಗ ಸರಿ,” ಎಂದಳು. “ಈಗ ನೋಡ್ತೀನಿ ಯಾವ ಗುಂಡಿ ನನ್ನ ಟೈರಿಗೆ ಸಿಗುತ್ತೆ ಅಂತ.”

ಅಷ್ಟು ಹೊತ್ತು ಅಳೆದವರಲ್ಲಿ ಯಾರಿಗೂ ಒಂದು ವಿಷಯ ಹೊಳೆಯಲಿಲ್ಲ. ಕಾರು ಆಗ ಖಾಲಿ ಇತ್ತು.

*

ಅತ್ತೆ ಸೊಸೆ ದಿನಾ ಬೆಳಗಿನ ಜಾವ ಕಾಲುವೆ ರಸ್ತೆಯಲ್ಲಿ ಎದುರುಬದುರಾಗುತ್ತಿದ್ದರು. ನಾಲ್ಕೂವರೆಗೆ ಸೊಸೆಯ ಪಾಳಿ ಮುಗಿಯುತ್ತಿತ್ತು. ಅದೇ ಹೊತ್ತಿಗೆ ಅತ್ತೆ ಡಿಪೋದಲ್ಲಿ ಹಾಲು ತುಂಬಿಕೊಂಡು ಹೊರಡುತ್ತಿದ್ದಳು. ಒಂದೇ ರಸ್ತೆ, ಒಂದು ಪಕ್ಕ ಕಾಲುವೆಯ ಕಲ್ಲುಕಟ್ಟೆ, ಇನ್ನೊಂದು ಪಕ್ಕ ಕಾರ್ಖಾನೆಗಳ ಕಾಂಪೌಂಡು. ಸೊಸೆಯ ಸ್ಕೂಟರ್ ಕಂಡ ಕೂಡಲೇ ಅತ್ತೆ ಎರಡು ಸಲ ದೀಪ ಮಿನುಗಿಸುತ್ತಿದ್ದಳು. ಸೊಸೆ ಒಂದು ಸಲ ಹಾರ್ನ್ ಒತ್ತುತ್ತಿದ್ದಳು. ಮಗು ಮಲಗಿದೆ, ಫ್ಲಾಸ್ಕಿನಲ್ಲಿ ಚಹಾ ಇದೆ, ನಾನು ಬರುವವರೆಗೆ ಪಾತ್ರೆಗೆ ಕೈ ಹಾಕಬೇಡ—ದೀಪಕ್ಕೆ ಇಷ್ಟೆಲ್ಲ ಅರ್ಥ. ಹಾರ್ನಿಗೆ ಒಂದೇ ಅರ್ಥ: ಆಯ್ತು. ಮದುವೆಯಾಗಿ ಬಂದಾಗ ಒಬ್ಬರ ಮುಖ ಒಬ್ಬರಿಗೆ ಕಂಡರಾಗದಿದ್ದ ಕಾಲದಲ್ಲೂ ಇದೊಂದು ತಪ್ಪಿರಲಿಲ್ಲ.

ಹೊಸ ಬಲ್ಬು ಹಾಕಿದ ಮಾರನೆಯ ದಿನ ಅತ್ತೆ ಮಿನುಗಿಸಿದಾಗ ಸೊಸೆಗೆ ಕಪಾಳಕ್ಕೆ ಹೊಡೆದಂತಾಯಿತು. ಕಣ್ಣು ಮುಚ್ಚಿ, ಬ್ರೇಕ್ ಹಿಡಿದು, ಹಾರ್ನ್ ಒತ್ತಿದಳು.

ಮನೆಗೆ ಬಂದ ಅತ್ತೆಗೆ ಹೇಳಿದಳು. “ಅತ್ತೆ, ಆ ದೀಪ ತುಂಬಾ ಜೋರಾಯ್ತು. ಕಣ್ಣು ಕತ್ತಲೆ ಬಂತು ನನಗೆ.”

“ಎರಡು ದಿನ ಅಷ್ಟೇ. ರೂಢಿ ಆಗುತ್ತೆ.”

“ನನಗೆ ಆಗಬಹುದು. ರಸ್ತೇಲಿ ಬರೋರಿಗೆಲ್ಲಾ ಆಗುತ್ತಾ?”

“ಅವರ ದೀಪ ನನಗೆ ಹೊಡೆಯಲ್ವಾ? ಲಾರಿಯೋರು ಮಾಡೋದೇನು? ನಾನು ಬುಡ್ಡಿ ದೀಪ ಹಿಡ್ಕೊಂಡು ಓಡಾಡ್ಬೇಕಾ?”

ಸೊಸೆ ಒಳಕೋಣೆಗೆ ನಡೆದಳು. ಅತ್ತೆಯ ಜೊತೆ ವಾದ ಮಾಡಬಹುದಿತ್ತು. ಆದರೆ ಎಂಟು ಗಂಟೆ ನಿಂತು ಪೊಟ್ಟಣ ಕಟ್ಟಿದ ಕಾಲಿಗೆ ವಾದಕ್ಕಿಂತ ಹಾಸಿಗೆ ಬೇಕಿತ್ತು.

ವಾರ ಕಳೆಯಿತು. ಕಾರ್ಖಾನೆಯ ಊಟದ ಬಿಡುವಿನಲ್ಲಿ, ಅವಳ ಪಕ್ಕದ ಮೇಜಿನವಳು—ಬಾಯಿ ಮುಚ್ಚದವಳೆಂದು ಎಲ್ಲರೂ ಅವಳನ್ನು ರೇಡಿಯೋ ಎನ್ನುತ್ತಿದ್ದರು—ಬ್ರೆಡ್ಡಿಗೆ ಮೊಟ್ಟೆ ಮಡಚಿಕೊಳ್ಳುತ್ತಾ ಹೇಳಿದಳು:

“ನಿಮ್ಮತ್ತೆ ತುಂಬಾ ಮರ್ಯಾದಸ್ತರು ಕಣೇ. ನನಗೂ ದಿನಾ ದೀಪ ಹೊಡೆದು ನಮಸ್ಕಾರ ಮಾಡ್ತಾರೆ.”

“ನಿನಗಾ?”

“ನನಗೊಬ್ಬಳಿಗೇ ಅಲ್ಲ. ಗೇಟಿನ ವಾಚ್‌ಮನ್ ಮೊಪೆಡ್ಡಿಗೂ ಹೊಡೀತಾರಂತೆ. ಅವನು ಅದನ್ನ ನಮಸ್ಕಾರ ಅನ್ನಲ್ಲ, ಎಕ್ಸ್‌ರೇ ಅಂತಾನೆ. ಆ ಬೆಳಕಲ್ಲಿ ನಮ್ಮ ಮೂಳೆ ಎಲ್ಲಾ ಎಣಿಸಬಹುದಂತೆ.”

ಮೇಜಿನ ಸುತ್ತ ಎಲ್ಲರೂ ನಕ್ಕರು. ಸೊಸೆಯೂ ನಕ್ಕಳು. ರೇಡಿಯೋಳದು ಕೆಂಪು ಸ್ಕೂಟರ್, ಮುಂದೆ ದೊಡ್ಡ ಬುಟ್ಟಿ. ತನ್ನದು ನೀಲಿ, ಬುಟ್ಟಿಯಿಲ್ಲ. ವಾಚ್‌ಮನ್ನನದು ಸ್ಕೂಟರೇ ಅಲ್ಲ. ಎಂಟು ವರ್ಷದಲ್ಲಿ ಒಂದು ದಿನವೂ ಅತ್ತೆ ಬೇರೆ ಗಾಡಿಗೆ ದೀಪ ಹೊಡೆದಿರಲಿಲ್ಲ. ಸೊಸೆ ಅರ್ಧ ಉಂಡ ಡಬ್ಬಿಯನ್ನು ಮುಚ್ಚಿಟ್ಟಳು.

ಗಂಡನಿಗೆ ಹೇಳಿದಳು. ಅವನು ಶರ್ಟಿನ ಗುಂಡಿ ಹಾಕಿಕೊಳ್ಳುತ್ತಿದ್ದ.

“ಅತ್ತೆಗೆ ನನ್ನ ಗಾಡಿ ಯಾವುದು ಅಂತ ಗೊತ್ತಾಗ್ತಿಲ್ಲ ಕಣ್ರೀ. ಸಿಕ್ಕಿದವರಿಗೆಲ್ಲಾ ಹೊಡೀತಿದ್ದಾರೆ.”

“ಹೊಸ ದೀಪ ಅಲ್ವಾ, ಆಟ ಆಡ್ತಿರಬೇಕು.”

“ನಿಮ್ಮಮ್ಮ ಆಟ ಆಡೋ ಹೆಂಗಸಾ?”

ಅವನು ಊಟದ ಡಬ್ಬಿ ಎತ್ತಿಕೊಂಡ. “ಭಾನುವಾರ ನೋಡೋಣ,” ಎಂದ.

ಭಾನುವಾರಕ್ಕೆ ಮೂರು ದಿನ ಇತ್ತು.

*

ಶುಕ್ರವಾರ ಬೆಳಗಿನ ಜಾವ, ಕಾಲುವೆ ರಸ್ತೆಯ ತಿರುವು ದಾಟಿದ ಕೂಡಲೇ ಎದುರಿಗೆ ಬಿಳಿ ಬೆಳಕು ಬಂತು. ಸೊಸೆ ಕಣ್ಣು ಕಿರಿದು ಮಾಡಿ ರಸ್ತೆಯ ಅಂಚು ಹುಡುಕಿದಳು. ಅಷ್ಟರಲ್ಲಿ ಬೆಳಕು ಒಂದು ಸಲ ಉಕ್ಕಿತು, ಇನ್ನೊಂದು ಸಲ ಉಕ್ಕಿತು. ರೂಢಿಯಂತೆ ಹೆಬ್ಬೆರಳು ಹಾರ್ನ್ ಒತ್ತಿತು. ಆಮೇಲೆ ಏನೂ ಕಾಣಲಿಲ್ಲ. ಮುಂದಿನ ಚಕ್ರ ಕಲ್ಲುಕಟ್ಟೆಗೆ ಬಡಿಯಿತು, ಅವಳು ಬಲಗೈ ಮೇಲೆ ಬಿದ್ದಳು, ಸ್ಕೂಟರ್ ಅವಳ ಮೇಲೆ ಬಿತ್ತು. ಮಣಿಕಟ್ಟಿನಲ್ಲಿ ಕಡ್ಡಿ ಮುರಿದಂತೆ ಸದ್ದಾಯಿತು. ಪಕ್ಕದಲ್ಲಿ ಕಾರು ಹಾದುಹೋಯಿತು. ಹಾಲಿನ ಕ್ರೇಟುಗಳು ಗಡಗಡ ಅಲ್ಲಾಡುವ ಆ ಸದ್ದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಕಾರು ನಿಲ್ಲಲಿಲ್ಲ.

ಹಿಂದೆ ಬರುತ್ತಿದ್ದ ರೇಡಿಯೋ ಅವಳನ್ನು ಆಸ್ಪತ್ರೆಗೆ ಸೇರಿಸಿದಳು. ಆ ಹೊತ್ತಿನಲ್ಲಿ ಮಾತ್ರ ರೇಡಿಯೋ ಬಾಯಿ ಬಿಡಲಿಲ್ಲ.

ಮೂವತ್ತೆರಡೂ ಅಂಗಡಿಗೆ ಹಾಲು ಹಾಕಿ, ಸುದ್ದಿ ತಿಳಿದು ಅತ್ತೆ ಆಸ್ಪತ್ರೆಗೆ ಓಡಿಬಂದಾಗ ಸೊಸೆಯ ಕೈಗೆ ಮೊಣಕೈವರೆಗೆ ಪ್ಲಾಸ್ಟರ್ ಬಿದ್ದಿತ್ತು.

“ಅಯ್ಯೋ, ಹೆಂಗೆ ಬಿದ್ದೆ? ನಾನು ನಿನಗೆ ದೀಪ ಹೊಡೆದೆ, ನೀನು ಹಾರ್ನ್ ಹೊಡೆದೆ. ಅದಾದ ಮೇಲೆ ಬಿದ್ಯಾ?”

“ಹೂಂ ಅತ್ತೆ. ಅದಾದ ಮೇಲೆ.”

“ನನ್ನ ಹಿಂದೆ ಯಾವನೋ ಲಾರಿಯವನು ಬರ್ತಿದ್ದ. ಅವನದೇ ಕೆಲಸ. ಕಣ್ಣಿಗೆ ಹೊಡೆದನಾ? ನಂಬರ್ ನೋಡಿದ್ಯಾ? ಕೈ ಸೇದಿಹೋಗ ಅವನದು.”

ಸೊಸೆ ಗೋಡೆ ಕಡೆ ಮುಖ ತಿರುಗಿಸಿದಳು. “ನೋಡಲಿಲ್ಲ,” ಎಂದಳು.

ಗಂಡನಿಗೆ ಮಾತ್ರ, ಮನೆಗೆ ಬಂದ ಮೇಲೆ, ಬಾಗಿಲು ಹಾಕಿಕೊಂಡು ಹೇಳಿದಳು. “ನಮ್ಮ ಕಾರೇ.”

ಅವನು ಮಂಚದ ಅಂಚಿನಲ್ಲಿ ಕೂತ. “ಮೇಸ್ತ್ರಿ ಹೇಳಿದ್ದ,” ಎಂದ. “ನಾನೇ ಹಾಕಿದ್ದು,” ಎಂದ. ಅವಳ ಪ್ಲಾಸ್ಟರ್ ನೋಡುತ್ತಾ, “ಅಮ್ಮನಿಗೆ ಹೇಳ್ಬೇಡ,” ಎಂದ.

“ಹೇಳಲ್ಲ. ಹೇಳಿ ಏನಾಗ್ಬೇಕು?”

ಕಾರ್ಖಾನೆಯವರು ಆರು ವಾರ ರಜೆ ಕೊಟ್ಟರು, ಸಂಬಳವಿಲ್ಲದ ರಜೆ. ಮನೆಯಲ್ಲಿ ಸೊಸೆ ಎಡಗೈಯಲ್ಲಿ ಕಸ ಗುಡಿಸಿದಳು, ಎಡಗೈಯಲ್ಲಿ ಅಕ್ಕಿ ತೊಳೆದಳು. ಗುಬ್ಬಿಯ ಜಡೆ ಹಾಕಲು ಆಗದೆ ಅದನ್ನು ಮಾವನಿಗೆ ಒಪ್ಪಿಸಿದಳು. ಟೈಲರ್ ಜಡೆಯನ್ನೂ ಅಳತೆ ನೋಡಿ ಹೆಣೆಯುತ್ತಿದ್ದ. ಎರಡೂ ಜಡೆ ಒಂದೇ ಉದ್ದ, ಒಂದಿಷ್ಟೂ ಹೆಚ್ಚುಕಡಿಮೆಯಿಲ್ಲ. ಶಾಲೆಯಲ್ಲಿ ಯಾರು ಹಾಕಿದ್ದೆಂದು ಕೇಳಿದರಂತೆ. ಗುಬ್ಬಿ “ನಮ್ಮನೆ ಟೈಲರ್” ಎಂದಳಂತೆ.

ಒಂದು ಮಧ್ಯಾಹ್ನ ಮಗಳ ಸಮವಸ್ತ್ರದ ಗುಂಡಿ ಬಿದ್ದುಹೋಗಿತ್ತು. ಟೈಲರ್ ಹೊರಗೆ ಹೋಗಿದ್ದ. ಸೊಸೆ ಹೊಲಿಗೆ ಮಿಷನ್ನಿನ ಪಕ್ಕದ ಗುಂಡಿ ಡಬ್ಬ ತೆಗೆದು ಬಿಳಿ ಗುಂಡಿ ಹುಡುಕಿದಳು. ಗುಂಡಿಗಳ ಅಡಿಯಲ್ಲಿ ಕಣ್ಣಿಗೆ ಹಾಕುವ ಔಷಧದ ಪುಟ್ಟ ಬಾಟಲಿ ಸಿಕ್ಕಿತು. ಅದರ ಜೊತೆ ನಾಲ್ಕು ಮಡಿಕೆ ಮಾಡಿದ ಡಾಕ್ಟರ ಚೀಟಿ. ಚೀಟಿಯ ಮೇಲೆ ಅತ್ತೆಯ ಹೆಸರು, ವಯಸ್ಸು ಬರೆದಿತ್ತು. ತಾರೀಖು ಎರಡು ತಿಂಗಳ ಹಿಂದಿನದು.

ಟೈಲರ್ ಬಂದಾಗ ಬಾಟಲಿ ಮಿಷನ್ನಿನ ಮೇಲಿತ್ತು.

“ಮಾವ, ಇದೇನು?”

ಅವನು ಟೇಪನ್ನು ಕೊರಳಿಂದ ತೆಗೆದು ಮತ್ತೆ ಕೊರಳಿಗೇ ಹಾಕಿಕೊಂಡ. “ನೋಡ್ಬಿಟ್ಯಾ?”

“ಹೇಳಿ ಮಾವ.”

“ನನಗೆ ಸೂಜಿಗೆ ದಾರ ಪೋಣಿಸಿ ಕೊಡ್ತಿದ್ದೋಳು ಅವಳೇ. ಹೋದ ವರ್ಷದಿಂದ ಆಗ್ಲಿಲ್ಲ. ‘ನಿಮ್ಮ ಸೂಜೀಗೆ ತೂತೇ ಇಲ್ಲ’ ಅಂತ ನನ್ನನ್ನೇ ಬೈದಳು. ಡಾಕ್ಟರ್ ಹತ್ರ ಎಳ್ಕೊಂಡು ಹೋದೆ. ಕಣ್ಣಿನ ನರ ಒಣಗ್ತಿದೆ ಅಂದ್ರು. ಅಂಚಿನಿಂದ ಶುರುವಾಗಿ ಒಳಕ್ಕೆ ಬರುತ್ತಂತೆ. ಹೋಗಿದ್ದು ಬರಲ್ಲ. ಇರೋದನ್ನ ಉಳಿಸ್ಕೋಬೇಕು, ಅದಕ್ಕೀ ಹನಿ.”

“ಗಾಡಿ ಓಡಿಸಬಹುದು ಅಂದ್ರಾ?”

“ಕತ್ತಲಲ್ಲಿ ಬೇಡ ಅಂದ್ರು.”

“ಮತ್ತೆ?”

“ಮತ್ತೆ ಏನು? ಹಾಲು ಹಗಲಲ್ಲಿ ಹಾಕಕ್ಕಾಗುತ್ತಾ? ‘ಮಕ್ಕಳ ಮುಂದೆ ಬಾಯಿ ಬಿಟ್ರೆ ನೋಡಿ’ ಅಂದಳು. ಬಿಡಲಿಲ್ಲ.”

“ದೀಪ ಹಾಕಿಸೋವಾಗ್ಲಾದ್ರೂ ಹೇಳಬಾರದಿತ್ತಾ ಮಾವ?”

ಟೈಲರ್ ಮಿಷನ್ನಿನ ಚಕ್ರವನ್ನು ಸುಮ್ಮನೆ ಒಂದು ಸುತ್ತು ತಿರುಗಿಸಿದ. “ಬೆಳಕು ಜಾಸ್ತಿ ಆದ್ರೆ ಅವಳಿಗೆ ಕಾಣಬಹುದು ಅಂತ ನಾನೂ ಅಂದ್ಕೊಂಡೆ ಕಣಮ್ಮಾ.”

*

ರಾತ್ರಿ ಊಟಕ್ಕೆ ಎಲ್ಲರೂ ಕೂತಿದ್ದರು. ಚೀಟಿ ತಟ್ಟೆಗಳ ನಡುವೆ ಇತ್ತು. ಗುಬ್ಬಿಯನ್ನು ಒಳಗೆ ಮಲಗಿಸಿದ್ದರು.

ಅತ್ತೆ ಚೀಟಿ ನೋಡಿದಳು, ಗಂಡನನ್ನು ನೋಡಿದಳು. “ನಲವತ್ತು ವರ್ಷ ಬಾಯಿ ಮುಚ್ಚಕ್ಕಾಗ್ದೋರು ಎರಡು ತಿಂಗಳು ಮುಚ್ಚಿದ್ರಲ್ಲ, ಅದೇ ಹೆಚ್ಚು.”

“ಅವರು ಹೇಳಿಲ್ಲ ಅತ್ತೆ. ನನಗೇ ಸಿಕ್ತು.”

“ಸಿಕ್ತಾ? ಸರಿ. ಏನೀಗ? ಆ ರಸ್ತೆ ನನಗೆ ಬಾಯಿಪಾಠ. ಯಾವ ಗುಂಡಿ ಎಲ್ಲಿ, ಯಾವ ಅಂಗಡಿ ನಾಯಿ ಎಲ್ಲಿ ಮಲಗುತ್ತೆ, ಎಲ್ಲಾ ಗೊತ್ತು. ಹನ್ನೊಂದು ವರ್ಷದಲ್ಲಿ ಒಂದು ಕೋಳಿಗೂ ತಗುಲಿಸಿಲ್ಲ.”

“ರಸ್ತೆ ಬಾಯಿಪಾಠ ಇರಬಹುದಮ್ಮ,” ಎಂದ ಮಗ. “ರಸ್ತೇಲಿ ಬರೋರು?”

“ಅವರಿಗೆ ನಾನು ಕಾಣ್ತೀನಲ್ಲ. ಅಷ್ಟು ಬೆಳಕು ಇದೆ.”

“ಅದೇ ಬೆಳಕಿಗೇ ಇವಳು ಬಿದ್ದಿದ್ದು!”

ಹೇಳಬಾರದೆಂದು ಹೆಂಡತಿಗೆ ಹೇಳಿದ್ದವನು ತಾನೇ ಹೇಳಿಬಿಟ್ಟಿದ್ದ. ಅತ್ತೆಯ ಕೈ ತಟ್ಟೆಯಲ್ಲೇ ನಿಂತಿತು.

“ಲಾರಿ ಇತ್ತಲ್ಲ ಹಿಂದೆ,” ಎಂದಳು.

ಟೈಲರ್ ಚೀಟಿಯನ್ನು ಮಡಚಿದ.

“ಇತ್ತಲ್ವಾ?” ಸೊಸೆಯ ಕಡೆ ತಿರುಗಿದಳು.

“ಇರಲಿಲ್ಲ ಅತ್ತೆ.”

ಅತ್ತೆ ಎದ್ದು ಕೈ ತೊಳೆದಳು. ತಟ್ಟೆಯಲ್ಲಿದ್ದ ಅನ್ನವನ್ನು ಡಬ್ಬಿಗೆ ಹಾಕಿ ಮುಚ್ಚಿದಳು, ಎಸೆಯಲಿಲ್ಲ. ಎಲ್ಲರ ತಟ್ಟೆ ತೊಳೆದು ಬೋರಲು ಹಾಕಿದಳು. ಕಾರಿನ ಕೀಲಿಯನ್ನು ಮಗನ ಮುಂದಿಟ್ಟಳು.

“ಇಟ್ಕೋ. ನಾಳೆಯಿಂದ ನಾನು ಹೋಗಲ್ಲ.”

ಮಾರನೆಯ ದಿನ ಕಾರು ಹೊರಡಲಿಲ್ಲ. ಆರು ಗಂಟೆಯಿಂದ ಅಂಗಡಿಯವರ ಫೋನು ಶುರುವಾಯಿತು. ಡಿಪೋದ ಗುಮಾಸ್ತೆ ಕೂಡ ಫೋನ್ ಮಾಡಿದ.

“ಅಮ್ಮಾ, ನಿಯಮ ನಿಮಗೆ ಗೊತ್ತಲ್ಲ. ಮೂರು ದಿನ ತಪ್ಪಿದ್ರೆ ರೂಟು ಬೇರೆಯವರಿಗೆ ಹೋಗುತ್ತೆ. ತಡ ಆದ್ರೂ ತಪ್ಪಿದ ಲೆಕ್ಕಾನೇ. ಕಾಯ್ತಾ ಇರೋರು ಹದಿನೇಳು ಜನ ಇದ್ದಾರೆ.”

ಮಗ ಗೊತ್ತಿದ್ದ ಒಬ್ಬ ಡ್ರೈವರನ್ನು ಒಪ್ಪಿಸಿದ. ಎರಡನೇ ದಿನ ಆ ಬದಲಿ ಡ್ರೈವರ್ ಡಿಪೋಗೆ ಬಂದದ್ದು ಆರೂಕಾಲಿಗೆ. ಅಂಗಡಿಗಳು ಯಾವುದೆಂದು ಗೊತ್ತಾಗದೆ ಒಂಬತ್ತರ ಬಿಸಿಲಿನವರೆಗೆ ಸುತ್ತಿದ. ಹನ್ನೊಂದು ಅಂಗಡಿಯವರು ಹಾಲು ಒಡೆದಿದೆ ಎಂದು ವಾಪಸು ಕೊಟ್ಟರು. ಅವನು ಕ್ರೇಟುಗಳನ್ನು ಬಾಗಿಲಿಗೆ ತಂದಿಟ್ಟು, ತನ್ನ ದಿನದ ದುಡ್ಡು ಪೂರ್ತಿ ಎಣಿಸಿಕೊಂಡು, “ಇದು ಮನುಷ್ಯರು ಮಾಡೋ ಕೆಲಸ ಅಲ್ಲ,” ಎಂದು ಹೊರಟುಹೋದ.

ಒಡೆದ ಹಾಲನ್ನು ಅತ್ತೆ ಎರಡು ದೊಡ್ಡ ಪಾತ್ರೆಗಳಲ್ಲಿ ಕಾಯಿಸಿ ಬಟ್ಟೆಯಲ್ಲಿ ಸೋಸಿದಳು. ಮನೆಯೆಲ್ಲ ಹುಳಿ ವಾಸನೆ.

“ನಾನು ಕಲೀತೀನಿ,” ಎಂದಳು ಸೊಸೆ. “ಪ್ಲಾಸ್ಟರ್ ತೆಗೆದ ದಿನವೇ ಡ್ರೈವಿಂಗ್ ಸ್ಕೂಲಿಗೆ ಸೇರ್ತೀನಿ. ಕಾರ್ಖಾನೆ ಬಿಟ್ಟು ರೂಟು ನಾನೇ ನೋಡ್ಕೋತೀನಿ.”

“ಪ್ಲಾಸ್ಟರ್ ತೆಗೆಯೋಕೆ?”

“ಇನ್ನೂ ನಾಲ್ಕು ವಾರ.”

“ಲೈಸೆನ್ಸಿಗೆ?”

“ಅದಕ್ಕೊಂದು ಎರಡು ತಿಂಗಳು.”

ಅತ್ತೆ ಸೋಸಿದ ಬಟ್ಟೆಯನ್ನು ಹಿಂಡಿದಳು. “ಡಿಪೋದೋರು ಕೊಟ್ಟಿರೋದು ನಾಳೆ ಒಂದು ದಿನ.”

ಮಗ ಗೋಡೆಗೆ ಒರಗಿ ಕೂತಿದ್ದ. ತನ್ನ ಎರಡೂ ಅಂಗೈಗಳನ್ನು ನೋಡಿಕೊಳ್ಳುತ್ತಿದ್ದ. “ನಾನು ಓಡಿಸ್ತೀನಿ. ಈ ವರ್ಷ ಒಂದೇ ಸಲ ಬಂದಿರೋದು.”

“ಮುಚ್ಚೋ ಬಾಯಿ,” ಎಂದರು ಅಪ್ಪ ಅಮ್ಮ ಒಟ್ಟಿಗೆ.

ಕೀಲಿ ಮತ್ತೆ ಬಾಗಿಲ ಪಕ್ಕದ ಮೊಳೆಗೆ ಬಂತು. ಯಾರು ತಂದು ಹಾಕಿದರೆಂದು ಯಾರೂ ಕೇಳಲಿಲ್ಲ.

*

ಅವತ್ತು ಸಂಜೆ ಹಳೆಯ ಹಳದಿ ಬಲ್ಬುಗಳನ್ನೇ ಮತ್ತೆ ಹಾಕಿದರು. ಮನೆಯವರ ಕೈಲಾಗುವುದು ಅದೊಂದೇ ಆಗಿತ್ತು, ಅದನ್ನು ಶ್ರದ್ಧೆಯಿಂದ ಮಾಡಿದರು. ಈ ಸಲ ಟೈಲರ್ ಮೊದಲೇ ಹೇಳಿದ:

“ಖಾಲಿ ಗಾಡಿಗೆ ಅಳತೆ ತಗೊಂಡಿದ್ದೇ ತಪ್ಪು. ಕ್ರೇಟು ತುಂಬಿದ್ರೆ ಹಿಂದೆ ಕೂರುತ್ತೆ, ಮೂತಿ ಏಳುತ್ತೆ. ಉಪವಾಸ ಇದ್ದೋನಿಗೆ ಸೊಂಟ ಅಳೆದು, ಮದುವೆ ಊಟಕ್ಕೆ ಪ್ಯಾಂಟು ಹೊಲಿದ ಹಂಗಾಯ್ತು. ನಲವತ್ತು ವರ್ಷ ಟೇಪು ಹಿಡಿದೋನು ನಾನು, ಹೊಳೀಲಿಲ್ಲ ನೋಡು.”

ಹಾಗಾಗಿ ಕಾರಿಗೆ ಭಾರ ತುಂಬಿದರು. ಎರಡು ಮೂಟೆ ಮರಳು, ನೀರು ತುಂಬಿದ ಕ್ಯಾನು, ರುಬ್ಬುವ ಕಲ್ಲು. ಅದೂ ಸಾಲದೆಂದು ಸೊಸೆ ಪ್ಲಾಸ್ಟರ್ ಕೈಯನ್ನು ಎದೆಗೊತ್ತಿಕೊಂಡು ಹಿಂದೆ ಹತ್ತಿದಳು. ಗುಬ್ಬಿ ಅವಳ ಮಡಿಲಲ್ಲಿ ಕೂತಳು.

“ನಾನು ಎಷ್ಟು ಪ್ಯಾಕೆಟ್ ಹಾಲು?” ಎಂದು ಕೇಳಿದಳು.

“ನೀನು ಅರ್ಧ ಲೀಟರ್. ಸುಮ್ನೆ ಕೂತ್ಕೋ.”

ಅತ್ತೆ ಸ್ಟೇರಿಂಗಿನ ಹಿಂದೆ ಕೂತು ದೀಪ ಹಾಕಿದಳು. ಮೊದಲಿನ ಗೆರೆ ಈಗ ಗೋಡೆಯ ಮೇಲೆ ಇರಲಿಲ್ಲ; ಗೋದಾಮಿನವರು ಕಳೆದ ವಾರವಷ್ಟೇ ಸುಣ್ಣ ಹೊಡೆಸಿದ್ದರು. ಟೈಲರ್ ಟೇಪು ಹಿಡಿದು ಗೋಡೆಯ ಬುಡದಲ್ಲಿ ಕುಕ್ಕರುಗಾಲಲ್ಲಿ ಕೂತ. ಮಗ ಬಾನೆಟ್ಟಿನೊಳಗೆ ತಲೆ ಹಾಕಿ ಸ್ಕ್ರೂ ತಿರುಗಿಸತೊಡಗಿದ. ಹಳದಿ ಬೆಳಕು ಗೋಡೆಯ ಮೇಲೆ ಒಂಬತ್ತು ಇಂಚಿನಷ್ಟು ಕೆಳಗಿಳಿಯಿತು, ಒಂದಿಷ್ಟು ಏರಿತು, ಮತ್ತೆ ಇಳಿಯಿತು.

“ಗೆರೆಗೆ ಬಂತಾ?” ಎಂದು ಬಾನೆಟ್ಟಿನೊಳಗಿಂದಲೇ ಕೂಗಿದ. ಅವನು ಕೇಳಿದ್ದು ಅಪ್ಪನನ್ನು.

ಉತ್ತರ ಕಾರಿನೊಳಗಿಂದ ಬಂತು.

“ಬಂತು ಬಂತು,” ಎಂದಳು ಅತ್ತೆ. “ಸರಿಯಾಗಿ ಕೂತಿದೆ. ಗೆರೆ ಮೇಲೇ ಇದೆ ಬೆಳಕು, ಚೆನ್ನಾಗಿ ಕಾಣ್ತಿದೆ.”

ಟೈಲರ್ ಅಲ್ಲೇ ಗೋಡೆಯ ಬುಡದಲ್ಲಿ ಕೂತಿದ್ದ. ಸೀಮೆಸುಣ್ಣ ಅವನ ಮುಷ್ಟಿಯಲ್ಲಿತ್ತು. ಗೋಡೆ ಉದ್ದಕ್ಕೂ ಬೆಳ್ಳಗಿತ್ತು. ಅವನು ಇನ್ನೂ ಗೆರೆ ಎಳೆದಿರಲಿಲ್ಲ.

ಮಗ ಬಾನೆಟ್ಟಿನಿಂದ ತಲೆ ಹೊರಗೆ ತೆಗೆದು ಗೋಡೆ ನೋಡಿದ, ಅಪ್ಪನನ್ನು ನೋಡಿದ. ಹಿಂದೆ ಗುಬ್ಬಿ, “ಯಾವ ಗೆ—” ಎನ್ನುವಷ್ಟರಲ್ಲಿ ಸೊಸೆ ಎಡಗೈಯಿಂದ ಅವಳ ಬಾಯಿ ಮುಚ್ಚಿದಳು.

“ಏನ್ರೀ, ಸರಿಯಾಗಿದೆ ತಾನೇ?” ಎಂದಳು ಅತ್ತೆ.

ಟೈಲರ್ ಟೇಪನ್ನು ನೆಲದಲ್ಲಿ ಬಿಟ್ಟ. ಗೋಡೆಗೆ ತಿರುಗಿ, ಬೆಳಕಿನ ಅಂಚು ಎಲ್ಲಿತ್ತೋ ಅಲ್ಲೇ, ಅದರುದ್ದಕ್ಕೂ, ಅಳತೆ ಮಾಡದೆ ಗೆರೆ ಎಳೆದ. ಗೆರೆ ಎರಡು ಕಡೆ ಸೊಟ್ಟಗಾಯಿತು.

“ಸರಿಯಾಗಿದೆ,” ಎಂದ.

ಬೆಳಿಗ್ಗೆ ನಾಲ್ಕಕ್ಕೆ ಅತ್ತೆ ಬಾಗಿಲು ತೆಗೆದಾಗ ಸೊಸೆ ಸ್ವೆಟರ್ ಹೊದ್ದು ಕಾರಿನ ಮುಂದಿನ ಸೀಟಿನಲ್ಲಿ ಕೂತಿದ್ದಳು.

“ನೀನ್ಯಾಕೆ?”

“ಮನೇಲಿ ಕೂತು ಕೂತು ಬೇಜಾರು ಅತ್ತೆ. ರೂಟ್ ಕಲಿಯೋದು ಬೇಡ್ವಾ ನಾನು?”

ಅತ್ತೆ ಅವಳನ್ನು ನೋಡಿ ಕಾರು ಹೊರಡಿಸಿದಳು. ಡಿಪೋದಲ್ಲಿ ಕ್ರೇಟು ತುಂಬಿಸಿದರು. ಗುಮಾಸ್ತೆ ಹಾಜರಿ ಪುಸ್ತಕದಲ್ಲಿ ಗುರುತು ಹಾಕಿ, “ಉಳ್ಕೊಂಡ್ರಿ,” ಎಂದ.

ಕಾಲುವೆ ರಸ್ತೆಗೆ ಬಂದರು. ಅತ್ತೆ ಎರಡನೇ ಗೇರಿನಲ್ಲೇ ಹೋಗುತ್ತಿದ್ದಳು, ಕೊರಳು ಮುಂದೆ ಚಾಚಿ, ಎದೆ ಸ್ಟೇರಿಂಗಿಗೆ ತಾಗುವಷ್ಟು ಬಗ್ಗಿ. ಸೊಸೆ ಸಣ್ಣ ದನಿಯಲ್ಲಿ ಮಾತಾಡುತ್ತಲೇ ಇದ್ದಳು. ತಿರುವು ಬಂತಲ್ವಾ ಅತ್ತೆ, ಇಲ್ಲೊಬ್ಬ ಸೈಕಲಿನವನು, ಕಟ್ಟೆ ಹತ್ರ ಆಯ್ತು ಅನ್ಸುತ್ತೆ. ಅತ್ತೆ ಪ್ರತಿಯೊಂದಕ್ಕೂ “ಗೊತ್ತು,” “ಕಾಣ್ತು,” ಎನ್ನುತ್ತಿದ್ದಳು. ಸೊಸೆ ಹೇಳಿದ ಮೇಲೆಯೇ ಸ್ಟೇರಿಂಗ್ ತಿರುಗಿಸುತ್ತಿದ್ದಳು.

ಎದುರಿನಿಂದ ಒಂದು ದೀಪ ಬಂತು. ಸ್ಕೂಟರ್. ಯಾರೋ ಪಾಳಿ ಮುಗಿಸಿ ಮನೆಗೆ ಹೊರಟವರು. ಅತ್ತೆಯ ಮುಖ ಒಂದಿಷ್ಟು ಸಡಿಲವಾಯಿತು. ಕೈ ತಾನಾಗಿಯೇ ಸ್ಟೇರಿಂಗಿನ ಪಕ್ಕದ ದೀಪದ ಕಡ್ಡಿಯ ಕಡೆ ಹೋಯಿತು.

ಸೊಸೆ ಪ್ಲಾಸ್ಟರ್ ಹಾಕಿದ ಕೈಯನ್ನೇ ಎತ್ತಿ ಅವಳ ಮೊಣಕೈ ಮೇಲಿಟ್ಟಳು.

“ಅತ್ತೆ, ನಾನು ಇಲ್ಲೇ ಇದ್ದೀನಿ.”

ಅತ್ತೆಯ ಕೈ ಕಡ್ಡಿಯ ಮೇಲೇ ನಿಂತಿತು. ಸ್ಕೂಟರ್ ಹಾದುಹೋಯಿತು. ಹಿಂದೆ ಕ್ರೇಟುಗಳು ಗಡಗಡ ಅಂದವು. ಮುಂದೆ ಇನ್ನೂ ಮೂವತ್ತೆರಡು ಅಂಗಡಿ ಇತ್ತು.

“ಸ್ವಲ್ಪ ಎಡಕ್ಕೆ,” ಎಂದಳು ಸೊಸೆ.